ಬಾಗಿಲಿಗೆ ಬಂದ ಬಿಳಿ ಗಡ್ಡ

ಕಳೆದ ವಾರ ನಮ್ಮ ಮನೆಯ ಬಾಗಿಲಿಗೆ ಗಡ್ಡ ಬಂತು.

ತಮಾಷೆಯಲ್ಲ. ಬೆಳಿಗ್ಗೆ ನೀಲಿ ಬಣ್ಣದಲ್ಲಿ ಫಳಫಳ ಹೊಳೆಯುತ್ತಿದ್ದ ಬಾಗಿಲು, ಸಂಜೆಯ ಹೊತ್ತಿಗೆ ಮೇಲಿನಿಂದ ಕೆಳಗಿನ ತನಕ ಬೆಳ್ಳನೆಯ ನವಿರಾದ ಗಡ್ಡ ಬಿಟ್ಟುಕೊಂಡು ನಿಂತಿತ್ತು. ಗಾಳಿ ಬೀಸಿದರೆ ಗಡ್ಡ ಅಲುಗುತ್ತಿತ್ತು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಒಬ್ಬ ಮುದುಕಿ ಕೈ ಮುಗಿದೇ ಬಿಟ್ಟಳು. (ಯಾರೋ ಸಾಧು ನಿಂತಿದ್ದಾನೆ ಅಂದುಕೊಂಡಿರಬೇಕು. ಅವಳ ಕಣ್ಣು ಅಷ್ಟಕ್ಕಷ್ಟೆ.)

ಇದು ಹೇಗಾಯಿತು? ಹೊಟ್ಟೆಕಿಚ್ಚಿನಿಂದ ಆಯಿತು. ಯಾರ ಹೊಟ್ಟೆಕಿಚ್ಚು? ನನ್ನದು. ವಾರವಾರವೂ ಈ ಜಾಗದಲ್ಲಿ ನಿಮಗೆ ಬುದ್ಧಿ ಹೇಳುವ ನಾನು, ಒಂದು ಹಸಿರು ಬಾಗಿಲನ್ನು ನೋಡಿ ಇಪ್ಪತ್ತು ದಿನ ಸರಿಯಾಗಿ ಊಟ ಮಾಡಲಿಲ್ಲ ಎಂದರೆ ನಂಬುತ್ತೀರಾ? ನಂಬಿ. ನನ್ನ ಹೆಂಡತಿ ನೀಲವ್ವ ಸಾಕ್ಷಿ ಹೇಳುತ್ತಾಳೆ. ಕೇಳದಿದ್ದರೂ ಹೇಳುತ್ತಾಳೆ.

ಆ ಹಸಿರು ಬಾಗಿಲು ಪಕ್ಕದ ಮನೆಯ ಬಸಲಿಂಗಪ್ಪನದು. ಕೊಪ್ಪಳದಲ್ಲಿ ನಮ್ಮ ಓಣಿಯ ಪಡುವಣಕ್ಕೆ ಒಂದು ಹತ್ತಿ ಜಿನ್ನು ಇದೆ. ಯಲಬುರ್ಗಾ, ಕುಷ್ಟಗಿ ಕಡೆಯ ಎರೆ ಹೊಲಗಳ ಹತ್ತಿ ಗಾಡಿಗಾಡಿಯಾಗಿ ಅಲ್ಲಿಗೆ ಬರುತ್ತದೆ. ಅಲ್ಲಿ ಬೀಜ ಒಂದು ಕಡೆ, ಅರಳೆ ಒಂದು ಕಡೆ. ಆ ಜಿನ್ನಿನ ಯಂತ್ರಗಳಿಗೆ ಬಸಲಿಂಗಪ್ಪನೇ ಫಿಟ್ಟರ್. ಯಂತ್ರ ಕೆಮ್ಮಿದರೆ ಇವನು ಎದ್ದು ಓಡುತ್ತಾನೆ.

ನಾವಿಬ್ಬರೂ ಒಂದೇ ಸಾಲೆ. ಅವನು ಮೂರನೆಯ ಇಯತ್ತೆಗೆ ಪಾಟಿ ಕೆಳಗಿಟ್ಟು ಕೆಲಸಕ್ಕೆ ಹೋದ. ನಾನು ಮುಂದೆ ಓದಿ ಮಾಸ್ತರನಾದೆ. ನಾನು ಮಾಸ್ತರನಾದ ದಿನದಿಂದ ಅವನು ನನಗೆ ‘ನೀವು’ ಅನ್ನುತ್ತಾನೆ. ನಾನು ಇವತ್ತಿಗೂ ಅವನನ್ನು ಬಸ್ಯಾ ಅನ್ನುತ್ತೇನೆ. ಹಾಗೆ ಅನ್ನುವುದರಲ್ಲಿ ನನಗೇನೂ ತಪ್ಪು ಕಂಡಿರಲಿಲ್ಲ. ತಪ್ಪು ಕಾಣುವಂತೆ ಯಾರೂ ಹೇಳಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಬಸ್ಯಾ ಎರಡು ಡಬ್ಬಿ ಹಿಡಿದುಕೊಂಡು ತನ್ನ ಮನೆಗೆ ಬಂದ. ಒಂದರಲ್ಲಿ ಕೆಂಪು ತಳಬಣ್ಣ, ಇನ್ನೊಂದರಲ್ಲಿ ಹಸಿರು ಎನಾಮಲ್ ಪೇಂಟು. ಯಂತ್ರಗಳಿಗೆ ಬಳಿದು ಉಳಿದಿದ್ದನ್ನು ಜಿನ್ನಿನ ಮಾಲೀಕರು ಇವನಿಗೆ ಕೊಟ್ಟಿದ್ದರಂತೆ. ಈ ಯುದ್ಧದ ಕಾಲದಲ್ಲಿ ಸೀಮೆಎಣ್ಣೆಗೇ ಪರದಾಟ. ಅಂಥದ್ದರಲ್ಲಿ ಇವನ ಮನೆಗೆ ಎನಾಮಲ್! ನಾನು ಅಂಗಳದಲ್ಲಿ ಕೂತು ಪೇಪರು ಓದುವವನ ಹಾಗೆ ನಟಿಸುತ್ತ ಎಲ್ಲವನ್ನೂ ನೋಡಿದೆ.

ನೋಡಿ ನಕ್ಕೆ ಕೂಡ. ಯಾಕೆಂದರೆ ಅವನು ಬಣ್ಣದ ಡಬ್ಬಿ ಮುಟ್ಟಲೇ ಇಲ್ಲ. ಮೊದಲ ವಾರವೆಲ್ಲ ಬಿಸಿನೀರಿಗೆ ಸೋಡಾ, ಬೂದಿ ಕಲಸಿ ಬಾಗಿಲು ತಿಕ್ಕಿದ. ನಮ್ಮ ಕಡೆ ಬಾಗಿಲಿಗೆ ಅಮಾವಾಸ್ಯೆಗೊಮ್ಮೆ ಔಡಲೆಣ್ಣೆ ಸವರುತ್ತೇವೆ. ಅಜ್ಜ ಸವರಿದ, ಅಪ್ಪ ಸವರಿದ, ನಾವೂ ಸವರುತ್ತೇವೆ. ಬಾಗಿಲು ಎಣ್ಣೆ ಕುಡಿದು ಕುಡಿದು ಎಮ್ಮೆಯ ಮೈಯಂತೆ ಕರ್ರಗೆ ಮಿರಿಮಿರಿ ಅನ್ನುತ್ತದೆ. ಈ ಮನುಷ್ಯ ಅಷ್ಟು ಎಣ್ಣೆಯನ್ನೂ ತಿಕ್ಕಿ ತೆಗೆದ. ಒಳಗಿನ ಕಟ್ಟಿಗೆ ಬೆಳ್ಳಗೆ ಕಾಣುವ ತನಕ ಬಿಡಲಿಲ್ಲ. ‘ಅಪ್ಪ ಗಳಿಸಿಟ್ಟ ಪುಣ್ಯ ಕೆರೆಯುತ್ತಿದ್ದಾನೆ ನೋಡು’ ಅಂತ ನೀಲವ್ವನಿಗೆ ಹೇಳಿದೆ. ಅವಳು ನಗಲಿಲ್ಲ.

ಅದೇ ವಾರದಲ್ಲಿ ಕಿಟಕಿಯ ಸರಳು, ಬಾಗಿಲ ಚಿಲಕ, ಸರಪಳಿ. ಇಟ್ಟಂಗಿ ಚೂರು ಹಿಡಿದು ಒಂದೊಂದು ಸರಳಿನ ತುಕ್ಕನ್ನೂ ಕೆರೆದ. ಕೆರೆದದ್ದನ್ನು ಬಟ್ಟೆಯಲ್ಲಿ ಒರೆಸಿದ. ಒರೆಸಿದ್ದನ್ನು ಪಾಲಿಶ್ ಕಾಗದದಲ್ಲಿ ಮತ್ತೆ ಉಜ್ಜಿದ. ಜಿನ್ನಿನ ಗುಜರಿಯಿಂದ ಒಂದು ಹಳೆಯ ಕಬ್ಬಿಣದ ಕಪಾಟು ತಂದಿದ್ದ. ಅದಕ್ಕೂ ಅದೇ ಸೇವೆ.

ಬಣ್ಣ ಹಚ್ಚಿದ್ದಾದರೂ ಯಾವಾಗ? ಸಂತೆಯ ದಿನ. ಊರಿಗೆ ಊರೇ ಸಂತೆಯಲ್ಲಿದ್ದರೆ ಇವನೊಬ್ಬ ಬಾಗಿಲ ಮುಂದೆ ಬ್ರಷ್ ಹಿಡಿದು ಕೂತಿದ್ದ. ಒಂದು ಸಂತೆಗೆ ಕೆಂಪು ತಳಬಣ್ಣ. ಮುಂದಿನ ಸಂತೆಗೆ ಒಂದು ಪದರ ಹಸಿರು. ಅದರ ಮುಂದಿನ ಸಂತೆಗೆ ಇನ್ನೊಂದು ಪದರ. ನಡುವಿನ ದಿನಗಳಲ್ಲಿ ಒಂದು ಬೆರಳೂ ಮುಟ್ಟಿಸಲಿಲ್ಲ. ಸೋಮಾರಿ ಅಂದುಕೊಂಡೆ. ಮೂರು ಸಂತೆ ತಪ್ಪಿಸಿಕೊಂಡ ದಡ್ಡ ಅಂತಲೂ ಅಂದುಕೊಂಡೆ. ಆ ಸಂತೆಯ ದಿನವನ್ನು ನೀವು ನೆನಪಿನಲ್ಲಿಡಿ. ನಾನು ಇಡಲಿಲ್ಲ.

ಮೂರನೆಯ ಸಂತೆಯ ಮರುದಿನ ಬೆಳಿಗ್ಗೆ ಬಾಗಿಲು ತೆರೆದು ಹೊರಗೆ ಬಂದೆ. ಎಡಕ್ಕೆ ನೋಡಿದೆ. ಅಲ್ಲೇ ನಿಂತೆ.

ಹಸಿರು ಅಂದರೆ ಎಂಥ ಹಸಿರು! ಗಂಗಾವತಿ ಕಡೆಯ ಭತ್ತದ ಗದ್ದೆಯನ್ನು ಬೆಳಗಿನ ಬಿಸಿಲಲ್ಲಿ ನೋಡಿದ್ದೀರಾ? ಆ ಹಸಿರು. ಅದರ ಮೇಲೆ ಗಾಜಿನಂಥ ಹೊಳಪು. ಎದುರು ಮನೆಯ ಬೇವಿನ ಮರ ಆ ಬಾಗಿಲಲ್ಲಿ ಕಾಣುತ್ತಿತ್ತು. ನೀರು ತರಲು ಹೊರಟ ಹೆಂಗಸರು ಕೊಡ ಇಳಿಸಿ ನಿಂತಿದ್ದರು. ಅವರ ನಡುವೆ ನೀಲವ್ವನೂ ಇದ್ದಳು. ವಾಪಸು ಬಂದು, ಆ ಬಾಗಿಲಲ್ಲಿ ತನ್ನ ಮೂಗುಬೊಟ್ಟು ಕಂಡಿತೆಂದು ಹೇಳಿದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನ್ನ ಮನೆಯ ಯಾವ ವಸ್ತುವಿನಲ್ಲೂ ಅವಳಿಗೆ ಅವಳ ಮೂಗುಬೊಟ್ಟು ಕಂಡಿರಲಿಲ್ಲ.

ಅವತ್ತೇ ಹತ್ತಿತು ಕಿಚ್ಚು. 

ಒಂದು ಮಾತು ಕೇಳುತ್ತೇನೆ, ನಿಜ ಹೇಳಿ. ನವಾಬರ ಅರಮನೆಯ ಬಗ್ಗೆ ಕೇಳಿ ನಿಮಗೆಂದಾದರೂ ಹೊಟ್ಟೆ ಉರಿದಿದೆಯಾ? ನನಗಿಲ್ಲ. ಮುಂಬಯಿಯ ಸೇಠರ ಮೋಟಾರು ನೋಡಿ? ಅದೂ ಇಲ್ಲ. ಅವರು ಎಲ್ಲೋ ಇದ್ದಾರೆ, ಇರಲಿ. ಆದರೆ ನಮ್ಮ ಜೊತೆ ಒಂದೇ ಮಣೆಯ ಮೇಲೆ ಕೂತು ಮಗ್ಗಿ ತಪ್ಪಿದವನು ಬಾಗಿಲಿಗೆ ಬಣ್ಣ ಹಚ್ಚಿದರೆ? ಪಕ್ಕದ ಮನೆಯ ಒಗ್ಗರಣೆಯ ಘಾಟೇ ತಾನೇ ನಮ್ಮನ್ನು ಕೆಮ್ಮಿಸುವುದು? ಅರಮನೆಯ ಒಗ್ಗರಣೆ ಇಲ್ಲಿಯ ತನಕ ಬರುವುದಿಲ್ಲ.

ಬಣ್ಣದ ಜೊತೆಗೆ ಇನ್ನೊಂದು ಬದಲಾವಣೆಯೂ ಆಯಿತು. ಓಣಿಯವರು ಬಸ್ಯಾನನ್ನು ‘ಬಸಲಿಂಗಪ್ಪನವರು’ ಅನ್ನತೊಡಗಿದರು. ಹಸಿರು ಬಾಗಿಲಿನ ಬಸಲಿಂಗಪ್ಪನವರು! ನಾನು ಹದಿನೆಂಟು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿ ಗಳಿಸಿದ ‘ಅವರು’ ಇವನಿಗೆ ಎರಡು ಡಬ್ಬಿಯಲ್ಲಿ ಸಿಕ್ಕಿತು.

ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ನುಂಗಲಾರದ್ದು ಮುಂದೆ ಬಂತು.

ನಮ್ಮ ಮನೆಯ ಪಡಸಾಲೆಯಲ್ಲಿ ಆರು ವರ್ಷದಿಂದ ಊರಿನ ವಾಚನಾಲಯ ನಡೆಯುತ್ತಿದೆ ಎಂಬುದು ಹಳೆಯ ಓದುಗರಿಗೆ ಗೊತ್ತು. (ಗೊತ್ತಿಲ್ಲದವರಿಗೆ: ಒಂದು ಮರದ ಕಪಾಟು, ಅದರ ತುಂಬ ಕನ್ನಡ ಪುಸ್ತಕ, ಎರಡು ಚಾಪೆ, ಒಂದು ಲಾಟೀನು.) ಸಂಜೆ ಜನ ಸೇರುತ್ತಾರೆ. ಹೊಲದಿಂದ ಬಂದವರು, ಜಿನ್ನಿನಿಂದ ಬಂದವರು, ಅಂಗಡಿ ಮುಚ್ಚಿ ಬಂದವರು. ಹೆಚ್ಚಿನವರಿಗೆ ಓದಲು ಬರುವುದಿಲ್ಲ. ನಾನು ಪೇಪರು ಹಿಡಿದು ಜೋರಾಗಿ ಓದುತ್ತೇನೆ. ಯುದ್ಧ ಎಲ್ಲಿಗೆ ಬಂತು, ಹತ್ತಿಯ ಧಾರಣೆ ಏನಾಯಿತು, ಎಲ್ಲ. ಈ ವಾರಪತ್ರಿಕೆ ರೈಲಿನಲ್ಲಿ ಬಂದ ಶನಿವಾರವಂತೂ ಕೊನೆಯ ಪುಟದ ಈ ಅಂಕಣವನ್ನು ನಾನೇ ಓದಿ, ನಾನೇ ನಗುವ ಜಾಗದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಜನ ನಗುತ್ತಾರೆ. ಬೇರೆ ಊರಿನ ಬರಹಗಾರರಿಗೆ ಈ ಸುಖವಿಲ್ಲ. ಅದೊಂದು ಗಂಟೆಗಾಗಿ ನಾನು ಇಡೀ ದಿನ ಬದುಕುತ್ತೇನೆ ಅಂದರೆ ಸುಳ್ಳಲ್ಲ.

ಬಸ್ಯಾನೂ ಬರುತ್ತಿದ್ದ. ಆರು ವರ್ಷ, ಒಂದು ದಿನವೂ ತಪ್ಪಿಸಲಿಲ್ಲ. ಬಾಗಿಲ ಹತ್ತಿರ, ಚಪ್ಪಲಿ ಬಿಡುವ ಕಡೆ ಕೂರುತ್ತಿದ್ದ. ಒಮ್ಮೆ, ಶುರುವಿನ ದಿನಗಳಲ್ಲಿ, ನಾನು ಓದಿ ಕೆಳಗಿಟ್ಟ ಪೇಪರಿಗೆ ಅವನು ಕೈ ಚಾಚಿದ್ದ. ಜಿನ್ನಿನ ಎಣ್ಣೆ ಮೆತ್ತಿದ ಕೈ. ‘ಕೈ ತೊಳ್ಕೊಂಡು ಬಾರಲೇ ಬಸ್ಯಾ, ಪೇಪರ್ ಹೊಲಸಾಗ್ತದ’ ಅಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಮತ್ತೆ ಯಾವತ್ತೂ ಕೈ ಚಾಚಲಿಲ್ಲ. ಆ ಮಾತು ನನಗೆ ಮರೆತೇ ಹೋಗಿತ್ತು.

ಈ ಮಾಘ ಮಾಸದಲ್ಲಿ ಕಪಾಟು ತೆರೆದರೆ ಗೆದ್ದಲು. ಕೆಳಗಿನ ಎರಡು ಸಾಲು ಪುಸ್ತಕ ಮಣ್ಣಾಗಿದ್ದವು. ನನ್ನ ಅಂಕಣಗಳನ್ನು ಹೊಲಿದಿಟ್ಟಿದ್ದ ಕಟ್ಟಂತೂ ಪೂರ್ತಿ ಖಾಲಿ, ಬರೀ ದಾರ ಉಳಿದಿತ್ತು. (ಇಷ್ಟು ಮನಸಿಟ್ಟು ನನ್ನನ್ನು ಓದಿದವರು ಬೇರೆ ಯಾರೂ ಇಲ್ಲ.) ಬಾಗಿಲ ತಿರುಗಣಿ ತುಕ್ಕು ತಿಂದು ಮುರಿದು, ಕಪಾಟಿನ ಬಾಗಿಲು ಒಂದು ಕಡೆ ಜೋತಿತ್ತು.

ವಾಚನಾಲಯದ ಹಿರಿಯರು ಶರಣಪ್ಪನವರು, ಬಟ್ಟೆ ಅಂಗಡಿಯವರು. ನಿಧಾನದ ಮನುಷ್ಯ, ಯಾರ ಮನಸ್ಸನ್ನೂ ನೋಯಿಸುವವರಲ್ಲ. ಅವರು ಬಂದು ಮಣ್ಣಾದ ಪುಸ್ತಕಗಳನ್ನು ಬೆರಳಲ್ಲಿ ಮುಟ್ಟಿ ನೋಡಿದರು.

“ಮಾಸ್ತರ್ರ, ತಪ್ಪು ತಿಳಕೋಬ್ಯಾಡ್ರಿ” ಅಂದರು. “ಬಸಲಿಂಗಪ್ಪನವರ ಮನ್ಯಾಗ ಕಬ್ಬಿಣದ ಕಪಾಟ ಐತಂತ. ಬಣ್ಣಾ ಹೊಡದು ಛಲೋ ಮಾಡ್ಯಾರಂತ. ಗೆದ್ದಲಿ ಹತ್ತೂದಿಲ್ಲ, ಜಂಗ ಹಿಡಿಯೂದಿಲ್ಲ. ಉಳದ ಪುಸ್ತಕರ ಉಳೀಲಿ ಅಂತ ಮಂದಿ ಅಂತಾರ. ಸೋಮವಾರ ಎರಡೂ ಮನಿ ನೋಡಿ ಒಂದು ಮಾತಿಗೆ ಬರೂಣು.”

ಸೋಮವಾರಕ್ಕೆ ಇನ್ನು ಆರು ದಿನ. ಆರು ವರ್ಷದ ನನ್ನ ಸಂಜೆಗಳು ಆರು ದಿನಕ್ಕೆ ಬಂದು ನಿಂತಿದ್ದವು. ಅವತ್ತು ರೊಟ್ಟಿ ಮುರಿದವನು ಬಾಯಿಗಿಡಲಿಲ್ಲ. ವಾಚನಾಲಯ ಬೇರೆ ಯಾರ ಮನೆಗಾದರೂ ಹೋಗಲಿ, ಬಸ್ಯಾನ ಮನೆಗೆ? ಮೂರನೆಯ ಇಯತ್ತೆಯವನ ಮನೆಗೆ?

ಗಂಗಾವತಿಯಲ್ಲಿ ನೀಲವ್ವನ ತಮ್ಮ ಅಕ್ಕಿ ಗಿರಣಿಯಲ್ಲಿದ್ದಾನೆ. ಅವನಿಗೆ ಕೂಡಲೇ ಹೇಳಿ ಕಳಿಸಿದೆ. ಇದ್ದಿಲ ಹೊಗೆಯಿಂದ ಓಡುವ ಬಸ್ಸಿನಲ್ಲಿ ಬುಧವಾರ ಸಂಜೆ ಒಂದು ಡಬ್ಬಿ ಬಂತು. ನೀಲಿ ಎನಾಮಲ್! ಹಸಿರಿಗಿಂತ ನೀಲಿಯೇ ಘನವಾದ ಬಣ್ಣ ಅಂತ ಆ ಕ್ಷಣಕ್ಕೇ ನನಗೆ ಹೊಳೆಯಿತು.

ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಬಳಸುವ ವಿಧಾನ ಬರೆದಿತ್ತು. ಓಣಿಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ನೀಲವ್ವನ ಮುಂದೆ ಜೋರಾಗಿ ಓದಿ ಅರ್ಥ ಹೇಳಿದೆ: ಎಣ್ಣೆ, ಧೂಳು, ತುಕ್ಕು ಇಲ್ಲದ ಮೈಗೆ ಹಚ್ಚಬೇಕು.

“ನಮ್ಮ ಬಾಗಲಾ ಮೂರು ತಲಿಯಿಂದ ಎಣ್ಣಿ ಕುಡದೈತಿ” ಅಂದಳು. “ಎಣ್ಣಿ ಕುಡದ ಕಟ್ಟಿಗಿ ಬಣ್ಣಾ ಕುಡಿತೈತೇನ್ರಿ? ಬಾಜೂಕ ಅದಾರಲ್ರಿ, ಅವರನ್ನ ಒಂದ್ ಮಾತು ಕೇಳ್ರಿ.”

ಕೇಳುವುದೇ? ನಾನು? ಬಸ್ಯಾನನ್ನು?

ಅವಳಿಗೆ ನಾನು ವಿವರಿಸಿದೆ. ಡಬ್ಬಿಯವರು ಹೇಳುವುದು ಚೆಲ್ಲಿದ ಎಣ್ಣೆಯ ಮಾತು. ಅಮಾವಾಸ್ಯೆಗೆ ಭಕ್ತಿಯಿಂದ ಸವರಿದ್ದು ಎಣ್ಣೆಯಾಗಿ ಉಳಿದಿಲ್ಲ, ಬಾಗಿಲೇ ಆಗಿಬಿಟ್ಟಿದೆ. ಅದನ್ನು ತಿಕ್ಕಿ ತೆಗೆಯುವುದು ನಮ್ಮ ಹಿರಿಯರ ಕೈಯನ್ನೇ ತಿಕ್ಕಿ ತೆಗೆದ ಹಾಗೆ. ಮಾತು ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ಕಣ್ಣು ಒದ್ದೆಯಾಯಿತು. ನಿಜ ಸಂಗತಿ ಇಷ್ಟೆ: ಒಂದು ವಾರ ಸೋಡಾ ನೀರಲ್ಲಿ ಬಾಗಿಲು ತಿಕ್ಕುವ ತಾಳ್ಮೆ ನನಗಿರಲಿಲ್ಲ. ಬಸ್ಯಾ ಇಪ್ಪತ್ತೊಂದು ದಿನದಲ್ಲಿ ಮಾಡಿದ್ದನ್ನು ನಾನು ಒಂದೇ ದಿನದಲ್ಲಿ ಮಾಡಿ ತೋರಿಸಬೇಕಿತ್ತು. ಓದಿದವನಿಗೂ ಓದದವನಿಗೂ ಅಷ್ಟಾದರೂ ಅಂತರ ಬೇಡವೇ?

ಗುರುವಾರ ಸಾಲೆಗೆ ರಜೆ ಹಾಕಿದೆ. ಬಾಗಿಲನ್ನು ಒಣ ಬಟ್ಟೆಯಲ್ಲಿ ಒರೆಸಿ ಶುರು ಮಾಡಿದೆ. ಬ್ರಷ್ ತುಂಬ ತುಂಬ ಹಚ್ಚಿದೆ. ಚಿಲಕಕ್ಕೆ ಹಚ್ಚಿದೆ. ಸರಪಳಿಗೆ ಹಚ್ಚಿದೆ. ಕಿಟಕಿಯ ಸರಳಿನ ತುಕ್ಕು ಚಕ್ಕೆಚಕ್ಕೆಯಾಗಿ ಏಳುತ್ತಿತ್ತು, ಅದರ ಮೇಲೆಯೇ ಎರಡು ಸಲ ಬಳಿದು ಕೂರಿಸಿದೆ. ತುಕ್ಕು ಕಾಣದಿದ್ದರೆ ಆಯಿತಲ್ಲ!

ಹತ್ತು ಗಂಟೆಗೆ ಕೆಲಸ ಮುಗಿಯಿತು. ಹೊರಗೆ ನಿಂತು ನೋಡಿದೆ. ಅಯ್ಯೋ, ಏನು ಹೊಳಪು! ನೀಲವ್ವನನ್ನು ಕರೆದು ಮೂಗುಬೊಟ್ಟು ಕಾಣುತ್ತದಾ ನೋಡು ಅಂದೆ. ಕಾಣುತ್ತದೆ ಅಂದಳು. ನನ್ನ ಮನಸ್ಸು ಎಷ್ಟೋ ದಿನದ ಮೇಲೆ ಹಗುರಾಯಿತು. ಬಸ್ಯಾ ಆಗಷ್ಟೇ ಊಟದ ಗಂಟು ಹಿಡಿದು ಜಿನ್ನಿಗೆ ಹೊರಟಿದ್ದ. ನಮ್ಮ ಅಂಗಳದ ತನಕ ಬಂದ. ಬಾಗಿಲು ನೋಡಿದ. ಆಕಾಶ ನೋಡಿದ. ನನ್ನ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಸುಮ್ಮನೆ ಹೋದ. ನಾನು ಬ್ರಷ್ಷನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿದೆ. ಉರಿಯಲಿ ಮಗನಿಗೆ ಅಂದುಕೊಂಡೆ.

ಜಿನ್ನು ಶುರುವಾಯಿತು. ಮಧ್ಯಾಹ್ನ ಪಡುವಣ ಗಾಳಿ ಎದ್ದಿತು.

ಈ ಸುಗ್ಗಿಯ ಎರಡು ಮೂರು ತಿಂಗಳು ನಮ್ಮ ಓಣಿಯ ಗಾಳಿಯಲ್ಲಿ ಅರಳೆ ಹಾರುತ್ತದೆ. ನಮ್ಮ ಮುಂಡಾಸಿನ ಮೇಲೆ, ಒಣಹಾಕಿದ ಸೀರೆಯ ಮೇಲೆ, ಅನ್ನದ ತಟ್ಟೆಯಲ್ಲಿ, ಎಮ್ಮೆಯ ರೆಪ್ಪೆಯಲ್ಲಿ. ಹುಟ್ಟಿದಾಗಿನಿಂದ ನೋಡಿ ನೋಡಿ ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಕೊಡವಿಕೊಂಡು ಹೋಗುತ್ತೇವೆ. ಬಾಗಿಲಿಗೆ ಕೊಡವಿಕೊಳ್ಳಲು ಬರುವುದಿಲ್ಲವಲ್ಲ? ಹಸಿ ಬಣ್ಣ ಬಂದದ್ದನ್ನೆಲ್ಲ ಹಿಡಿದು ಇಟ್ಟುಕೊಂಡಿತು. ಒಂದು ಎಳೆ, ಹತ್ತು ಎಳೆ, ಸಾವಿರ ಎಳೆ. ಸಂಜೆ ನೋಡಿದರೆ ಗಡ್ಡ.

ರಾತ್ರಿ ಕಳೆದರೆ ಒಣಗುತ್ತದೆ, ಆಮೇಲೆ ಕಿತ್ತು ತೆಗೆಯೋಣ ಅಂದುಕೊಂಡೆ. ಶುಕ್ರವಾರ ಒಣಗಲಿಲ್ಲ. ಶನಿವಾರವೂ ಒಣಗಲಿಲ್ಲ. ಹೊಸ್ತಿಲಿಗೆ ಕುಂಕುಮ ಹಚ್ಚಲು ಹೋದ ನೀಲವ್ವನ ಬೆರಳು ನೀಲಿಯಾಯಿತು. ಒಳಗಿನ ಎಣ್ಣೆ ಬಿಸಿಲಿಗೆ ಮೇಲಕ್ಕೆ ಜಿನುಗುತ್ತಿತ್ತು, ಮೇಲಿನ ಬಣ್ಣ ಕಟ್ಟಿಗೆಯೊಳಗೆ ಇಳಿಯಲಾರದೆ ಜಾರುತ್ತಿತ್ತು. ಗಡ್ಡ ಹಿಡಿದು ಎಳೆದರೆ ಬಣ್ಣವೂ ಅಂಗೈಯಗಲ ಕಿತ್ತು ಬಂತು. ಕಿತ್ತ ಕಡೆ ಕರಿ, ಉಳಿದ ಕಡೆ ನೀಲಿ, ಮೇಲೆ ಬಿಳಿ. ಭಾನುವಾರದ ಹೊತ್ತಿಗೆ ಬೇವಿನ ಹೂವು, ಎರಡು ನೊಣ, ಯಾರದೋ ಹೋಳಿಗೆಯ ಹಿಟ್ಟು ಕೂಡ ಸೇರಿಕೊಂಡಿದ್ದವು. ಸೀಮೆಎಣ್ಣೆಯಲ್ಲಿ ಒರೆಸೋಣವೆಂದರೆ ಲಾಟೀನಿಗೇ ಸೀಮೆಎಣ್ಣೆ ಸಾಲುವುದಿಲ್ಲ. ನನ್ನ ಎರಡೂ ಕೈ ಮೊಣಕೈ ತನಕ ನೀಲಿ. ಸಾಲೆಯ ಮಕ್ಕಳು ನನ್ನ ಹಿಂದೆ ಏನೆಂದು ಕರೆದರೋ ನಾನು ಕೇಳಿಸಿಕೊಳ್ಳಲಿಲ್ಲ.

ಸೋಮವಾರ ಬಂದೇ ಬಂತು.

ಶರಣಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಹಿಂದೆ ಹತ್ತು ಹನ್ನೆರಡು ಮಂದಿ. ನಾನು ಬಾಗಿಲು ಪೂರ್ತಿ ತೆರೆದು ಗೋಡೆಗೆ ಒರಗಿಸಿ, ಅದರ ಮುಂದೆ ಅಡ್ಡ ನಿಂತು, ಬರ್ರಿ ಬರ್ರಿ ಅಂದೆ. ನನ್ನ ಬೆನ್ನು ಬಾಗಿಲಿಗೆ ತಗುಲಿತು. ಅಂಗಿ ಅಲ್ಲೇ ಅಂಟಿತು. ಹಿರಿಯರಿಗೆ ನಮಸ್ಕರಿಸಲು ಬಾಗಿದೆ. ಬಾಗಿಲೂ ನನ್ನ ಜೊತೆಗೆ ಬಂತು. ಬಂದ ಬಾಗಿಲು ಶರಣಪ್ಪನವರ ಭುಜಕ್ಕೆ ಹೊಡೆಯಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಶರಣಪ್ಪನವರು ತಮ್ಮ ಬಿಳಿ ಅಂಗಿಯ ಮೇಲಿನ ನೀಲಿಯನ್ನು ನೋಡಿದರು. ನೀಲಿಗೆ ಅಂಟಿದ ಅರಳೆಯನ್ನು ಎರಡು ಬೆರಳಲ್ಲಿ ತೆಗೆದರು. ಆಮೇಲೆ ಕಪಾಟನ್ನು ನೋಡಿದರು. ಬಾಗಿಲ ಗಡಿಬಿಡಿಯಲ್ಲಿ ಗೆದ್ದಲು ಹತ್ತಿದ ಕಪಾಟನ್ನು ನಾನು ಮುಟ್ಟಿಯೇ ಇರಲಿಲ್ಲ! ಪುಸ್ತಕ ಉಳಿಸಬೇಕು ಅಂತ ಜನ ಕೇಳಿದರೆ ನಾನು ಬಾಗಿಲಿಗೆ ಬಣ್ಣ ಹಚ್ಚಿದ್ದೆ. ಗೆದ್ದಲು ಆ ಐದು ದಿನವೂ ತನ್ನ ಕೆಲಸ ಬಿಟ್ಟಿರಲಿಲ್ಲ. ಮೂರನೆಯ ಸಾಲು ಶುರು ಮಾಡಿತ್ತು.

ಅರ್ಧ ಗಂಟೆಯಲ್ಲಿ ಪುಸ್ತಕಗಳು ಪಕ್ಕದ ಮನೆ ಸೇರಿದವು. ಚಾಪೆಯೂ ಹೋಯಿತು. ಲಾಟೀನೂ ಹೋಯಿತು. ಪಡಸಾಲೆಯಲ್ಲಿ ಚಾಪೆ ಇದ್ದ ಜಾಗ ಮಾತ್ರ ಬೆಳ್ಳಗೆ ಉಳಿಯಿತು. ಆರು ವರ್ಷದಲ್ಲಿ ಆ ನೆಲವನ್ನು ನಾನು ನೋಡಿಯೇ ಇರಲಿಲ್ಲ. ನೀಲವ್ವ ಅಲ್ಲಿ ಕಸ ಗುಡಿಸಿದಳು.

ಮರುದಿನ ಸಂಜೆ ಬಸಲಿಂಗಪ್ಪ ಬಂದ. ಕೈಯಲ್ಲಿ ಇಟ್ಟಂಗಿ ಚೂರು, ಸೋಡಾದ ಪೊಟ್ಟಣ, ಒಂದು ಹಿಡಿ ಹಳೆ ಬಟ್ಟೆ. ಮಾತಿಲ್ಲದೆ ನಮ್ಮ ಬಾಗಿಲ ಮುಂದೆ ಕೂತು ಗಡ್ಡ ಬೋಳಿಸಲು ಶುರು ಮಾಡಿದ. ನಾನು ಒಳಗೇ ಕೂತಿದ್ದೆ. ಕೆರೆಯುವ ಸದ್ದು ಕೇಳಿ ಕೇಳಿ ತಡೆಯಲಾಗದೆ ಹೊರಗೆ ಬಂದೆ.

ಕಿಟಕಿಯ ಸರಳಿನ ಮೇಲೆ ನಾನು ಬಳಿದಿದ್ದ ಬಣ್ಣವನ್ನು ಅವನು ಉಗುರಿನಿಂದ ಎಬ್ಬಿಸಿ ತೋರಿಸಿದ. ಅಡಿಯಲ್ಲಿ ತುಕ್ಕು ಒದ್ದೆ ಮಣ್ಣಿನ ಹಾಗಿತ್ತು. ತುಕ್ಕು ಬಿಡಿಸದೆ ಮೇಲೆ ಬಣ್ಣ ಹಚ್ಚಿದರೆ ಅದು ಒಳಗೊಳಗೇ ತಿನ್ನುತ್ತದೆ, ಹೊರಗಿನವರಿಗೆ ಗೊತ್ತಾಗುವುದಿಲ್ಲ ಅಂದ. (ಸರಳಿನ ಮಾತು ಹೇಳುತ್ತಿದ್ದ. ಹಾಗಂತ ನಾನು ಅಂದುಕೊಂಡಿದ್ದೇನೆ.) ಎಣ್ಣೆಯನ್ನು ಪೂರ್ತಿ ತೆಗೆಯಬೇಕು ಅಂದ. ಬಣ್ಣವನ್ನು ಸಂತೆಯ ದಿನವೇ ಹಚ್ಚಬೇಕು ಅಂದ.

ಸಂತೆಯ ದಿನ ಯಾಕೆ?

ಸಂತೆಯ ದಿನ ಜಿನ್ನಿಗೆ ರಜೆ. ಅವತ್ತೊಂದು ದಿನ ನಮ್ಮ ಓಣಿಯ ಗಾಳಿಯಲ್ಲಿ ಅರಳೆ ಇರುವುದಿಲ್ಲ.

ಮೂರು ವಾರ ಎದುರಿಗೇ ಕೂತು ನೋಡಿದವನು ನಾನು! ನೋಡಿ ಕಲಿತದ್ದು ಏನು? ಅವನು ಸೋಮಾರಿ ಅಂತ. ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಗುರುವಾರ ಬೆಳಿಗ್ಗೆ ಅಂಗಳದ ತನಕ ಬಂದವನು ಒಂದು ಮಾತು ಹೇಳಬಾರದಿತ್ತೇ ಅಂತ ಕೇಳಿದೆ. ಸ್ವಲ್ಪ ಜೋರಾಗಿಯೇ ಕೇಳಿದೆ.

ಅವನು ಕೆರೆಯುವುದನ್ನು ನಿಲ್ಲಿಸಿದ.

“ಹೇಳಾಕಂತನ ಬಂದಿದ್ನ್ರಿ” ಅಂದ. “ಬಾಯಿತನಕ ಬಂದಿತ್ತು. ಆಮ್ಯಾಲ ಸುಮ್ನಾದೆ. ಸುಳ್ಳ ಯಾಕ ಹೇಳ್ಲಿ ಮಾಸ್ತರ್ರ, ವಾಚನಾಲಯ ನಮ್ಮ ಮನಿಗಿ ಬರ್ಲಿ ಅಂತ ಆಸೆ ಆತು.”

ಅವನು ಕೈಗೆ ಅಂಟಿದ ನೀಲಿಯನ್ನು ಹಳೆ ಬಟ್ಟೆಗೆ ಒರೆಸಿದ.

“ಆರು ವರ್ಷ ನಿಮ್ಮ ಬಾಗಲದಾಗ ಕುಂತು ಕೇಳೀನ್ರಿ. ನೀವು ಓದೂದು ಕೇಳಿ ಭಾಳ ಹೊಟ್ಟಿ ಉರೀತಿತ್ತು. ಜಿನ್ನಿನಾಗ ಹತ್ತಿ ಅಂಡಗಿ ಚೀಲದ ಮ್ಯಾಲಿನ ಅಕ್ಷರಾ ಕೂಡಿಸಿ ಕೂಡಿಸಿ ಓದಾಕ ಕಲತೀನಿ. ನನ್ನ ಮನಿ ಅಂದ್ರ ಪೇಪರ್ ಮುಟ್ಟಾಕ ಯಾರೂ ಬ್ಯಾಡ ಅನ್ನಂಗಿಲ್ಲ ನೋಡ್ರಿ.”

ಅಷ್ಟು ಹೇಳಿ ಮತ್ತೆ ಕೆರೆಯತೊಡಗಿದ. ಮರೆತುಹೋಗಿದ್ದ ನನ್ನ ಆ ಹಳೆಯ ಮಾತು ನೆನಪಾದದ್ದು ಆಗಲೇ. ಕೈ ತೊಳ್ಕೊಂಡು ಬಾರಲೇ ಬಸ್ಯಾ. ಆರು ವರ್ಷ ಅವನು ಅದನ್ನು ಇಟ್ಟುಕೊಂಡಿದ್ದ. ಇಪ್ಪತ್ತು ದಿನದ ನನ್ನ ಹೊಟ್ಟೆಕಿಚ್ಚನ್ನು ನಿಮ್ಮ ಮುಂದೆ ಇಷ್ಟು ಉದ್ದ ಹೇಳಿಕೊಂಡೆನಲ್ಲ, ಅವನು ಆರು ವರ್ಷದ್ದನ್ನು ಎರಡು ಮಾತಿನಲ್ಲಿ ಮುಗಿಸಿದ.

ಅವನು ಹೇಳದೆ ಹೋದದ್ದು ಸರಿಯೇ? ಸರಿಯಲ್ಲ. ನಾನು ಕೇಳದೆ ಹೋದದ್ದು? ಬೇಡ ಬಿಡಿ.

ಕೊನೆಯದಾಗಿ ನಿನ್ನೆಯ ಸಂಗತಿ. ವಾಚನಾಲಯ ಅಲ್ಲಿಗೆ ಹೋದ ಮೇಲೆ ಮೊದಲ ಸಲ ನಾನು ಆ ಹಸಿರು ಬಾಗಿಲು ದಾಟಿದೆ. (ಹತ್ತಿರದಿಂದ ಇನ್ನೂ ಚೆನ್ನಾಗಿದೆ. ಏನು ಮಾಡಲಿ?) ಒಳಗೆ ಕಬ್ಬಿಣದ ಕಪಾಟಿನಲ್ಲಿ ಪುಸ್ತಕಗಳು ನೆಟ್ಟಗೆ ನಿಂತಿದ್ದವು. ಎಲ್ಲರೂ ಕೂತಾಗಿತ್ತು. ಜಾಗವಿದ್ದದ್ದು ಚಪ್ಪಲಿ ಬಿಡುವ ಕಡೆ. ಅಲ್ಲೇ ಕೂತೆ. ಬಸಲಿಂಗಪ್ಪ ಪೇಪರು ಹಿಡಿದು ಅಕ್ಷರದ ಕೆಳಗೆ ಬೆರಳಿಟ್ಟು ಓದುತ್ತಿದ್ದ. ಒಂದೊಂದು ಶಬ್ದಕ್ಕೂ ನಿಲ್ಲುತ್ತಿದ್ದ. ಒತ್ತಕ್ಷರ ಬಂದರೆ ಬೆವರುತ್ತಿದ್ದ. ನನ್ನ ಓದಿಗೆ ತೂಕಡಿಸುತ್ತಿದ್ದ ಜನ ಇವನ ಓದಿಗೆ ಬಾಯಿ ಬಿಟ್ಟು ಕೂತಿದ್ದರು. ಮುಂದಿನ ಶಬ್ದ ಸಿಗುತ್ತದೋ ಇಲ್ಲವೋ ಅಂತ ಅವರಿಗೂ ಉಸಿರು ಕಟ್ಟುತ್ತಿತ್ತು. ಸಿಕ್ಕಾಗ ಎಲ್ಲರೂ ತಲೆದೂಗುತ್ತಿದ್ದರು. ನನಗೆ ಯಾವತ್ತಾದರೂ ಹಾಗೆ ತಲೆದೂಗಿದ್ದಾರಾ?

ಅವನು ಒಂದು ಶಬ್ದದ ಹತ್ತಿರ ತಡವರಿಸಿ ನಿಂತ. ನಾನು ಅಭ್ಯಾಸಬಲದಿಂದ ಪೇಪರಿಗೆ ಕೈ ಚಾಚಿದೆ.

ಲಾಟೀನಿನ ಬೆಳಕಿನಲ್ಲಿ ನನ್ನ ಕೈ ಎಲ್ಲರಿಗೂ ಕಂಡಿತು. ಐದು ಬೆರಳೂ ನೀಲಿ, ಉಗುರ ಸಂದಿಯಲ್ಲಿ ಅರಳೆ. ಅವನು ನೋಡಿದ. ಹೇಳುವ ಮಾತು ಅವನ ಬಳಿ ಸಿದ್ಧವಿತ್ತು, ನಾನೇ ಕೊಟ್ಟದ್ದು. ಅವನು ಹೇಳಲಿಲ್ಲ. ಮತ್ತೆ ಬೆರಳಿಟ್ಟು, ನಿಂತಿದ್ದ ಶಬ್ದವನ್ನು ಮೊದಲಿನಿಂದ ಕೂಡಿಸಿ ಓದಿದ. ಹೇಳಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಈ ಬರಹ ಶನಿವಾರದ ರೈಲಿನಲ್ಲಿ ಕೊಪ್ಪಳಕ್ಕೆ ಬರುತ್ತದೆ. ಅಲ್ಲಿಂದ ಹಸಿರು ಬಾಗಿಲ ಮನೆಗೆ ಹೋಗುತ್ತದೆ. ನಾನು ಬರೆದದ್ದನ್ನು ಊರಿಗೆ ಓದಿ ಹೇಳುವವನು ನಾನಲ್ಲ. ನಗುವ ಜಾಗದಲ್ಲಿ ಅವನು ನಿಲ್ಲುವುದಿಲ್ಲ, ನಿಲ್ಲಬಾರದ ಕಡೆಯೆಲ್ಲ ನಿಲ್ಲುತ್ತಾನೆ, ಆದರೂ ಜನ ತಲೆದೂಗುತ್ತಾರೆ. ಅಷ್ಟು ಹೊತ್ತೂ ನಾನು ಚಪ್ಪಲಿಗಳ ಹತ್ತಿರ ಕೂತಿರುತ್ತೇನೆ.

ಬಸಲಿಂಗಪ್ಪ, ಇಲ್ಲಿಯ ತನಕ ಓದಿದ್ದೀಯಲ್ಲ, ನಾನು ಕೈ ತೊಳೆದುಕೊಂಡೇ ಬಂದಿದ್ದೇನೆ: ಒಂದು ಪ್ಯಾರಾ ನನಗೆ ಬಿಡುತ್ತೀಯಾ?